ಮೂಗಿಗೆ ಸಿಗದ ಚಟಗಳು

ರಜೆ ಹಾಕಿಯೋ ಅನ್ಯಕಾರ್ಯ ನಿಮಿತ್ತ ಓಓಡಿ ಪಡೆದೋ ಇಲ್ಲಿಗೆ ಬಂದಿರುವ ಪ್ರೌಢಶಾಲಾ ಶಿಕ್ಷಕ ಬಂಧುಗಳೇ,

ಮೂವತ್ತೊಂದು ವರ್ಷ ವಿಜ್ಞಾನದ ಮೇಷ್ಟ್ರಾಗಿದ್ದೆ. ಪಾಠದ ಜೊತೆಗೆ ಶಿಸ್ತಿನ ಉಸ್ತುವಾರಿಯೂ ನನ್ನ ತಲೆಗೇ ಕಟ್ಟಿದ್ದರು. ಶಿಸ್ತು ಅಂದರೆ ಆಗ ಮೂಗು. ಶೌಚಾಲಯದ ಹಿಂದೆ ಹೋಗಿ ನಿಂತರೆ ಬೀಡಿಯ ಘಾಟು, ಹುಡುಗ ಬಾಯಿಬಿಟ್ಟರೆ ಗುಟ್ಕಾ ವಾಸನೆ. ಬೆಳಿಗ್ಗೆ ಪ್ರಾರ್ಥನೆಯ ಸಾಲುಗಳ ನಡುವೆ ಒಂದು ಸುತ್ತು ಬಂದರೆ ಯಾರ ಕಥೆ ಏನೆಂದು ತಿಳಿಯುತ್ತಿತ್ತು. ಜೇಬು ತಡವುತ್ತಿದ್ದುದು ಖಾತ್ರಿಗಷ್ಟೇ.

ಆ ಮೂಗಿಗೆ ಈಗ ಕೆಲಸ ಕಮ್ಮಿ. ಇದು ನನ್ನೊಬ್ಬನ ಅನಿಸಿಕೆಯಲ್ಲ. 13ರಿಂದ 15 ವರ್ಷದ ಶಾಲಾ ಮಕ್ಕಳನ್ನು ಕೇಳಿ ನಡೆಸುವ ಜಾಗತಿಕ ಯುವ ತಂಬಾಕು ಸಮೀಕ್ಷೆಯ ಪ್ರಕಾರ 2009ರಲ್ಲಿ ದೇಶದ ಶೇ. 14.6ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ತಂಬಾಕು ಬಳಸುತ್ತಿದ್ದರು. 2019ರ ಸುತ್ತಿನಲ್ಲಿ ಅದು 8.5ಕ್ಕೆ ಇಳಿಯಿತು. ಕರ್ನಾಟಕದ್ದು ಬರೀ 1.2, ನಮಗಿಂತ ಕೆಳಗಿದ್ದದ್ದು 1.1ರ ಹಿಮಾಚಲ ಪ್ರದೇಶ. ತರಗತಿಯಲ್ಲಿ ಕೂತು ತುಂಬುವ ಫಾರಂನಲ್ಲಿ, ಹೆಸರು ಬರೆಯದಿದ್ದರೂ, ನಮ್ಮ ಮಕ್ಕಳು ಎಷ್ಟು ಬಾಯಿಬಿಟ್ಟಾರು ಎಂಬ ಅನುಮಾನ ನನಗಿದೆ. ಆದರೂ ಶೌಚಾಲಯದ ಹಿಂದಿನ ಗೋಡೆ ನೋಡಿದವನಿಗೆ ಇಳಿಕೆ ಸುಳ್ಳೆನಿಸುವುದಿಲ್ಲ.

ಇದು ನಮ್ಮ ಉಪದೇಶದ ಫಲವೆಂದು ಮಾತ್ರ ಬೀಗಬೇಡಿ. ಉಪದೇಶ ಮೊದಲೂ ಇತ್ತು, ಬೀಡಿಯೂ ಇತ್ತು. 2003ರ ಕಾಯ್ದೆ ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಬಾರದೆಂದಿತು, 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಪಾಲನೆ ಅರೆಬರೆಯೇ ಇರಬಹುದು. ಆದರೂ ಗೇಟಿನ ಎದುರಿನ ಗೂಡಂಗಡಿ ನಾಲ್ಕು ಹೆಜ್ಜೆ ಆಚೆ ಸರಿದಾಗ ಆದಷ್ಟು ಉಪಕಾರ ನನ್ನ ನೀತಿಪಾಠದಿಂದ ಆಗಲಿಲ್ಲ.

ಅದೇ ಸಮೀಕ್ಷೆಯ ಅಂಕಿಗಳಲ್ಲಿ ನನ್ನ ನಿದ್ದೆ ಕೆಡಿಸಿದ ಇನ್ನೊಂದು ಸಂಗತಿಯಿದೆ. ಆ ಹತ್ತು ವರ್ಷಗಳಲ್ಲಿ ಹುಡುಗರ ಪ್ರಮಾಣ 19ರಿಂದ 9.6ಕ್ಕೆ, ಅಂದರೆ ಅರ್ಧಕ್ಕೆ ಬಂತು. ಹುಡುಗಿಯರದ್ದು 8.3 ಇದ್ದದ್ದು 7.4. ಹೆಚ್ಚುಕಡಿಮೆ ಇದ್ದಲ್ಲೇ ಇದೆ. ನಾನಂತೂ ಹುಡುಗಿಯರ ಸಾಲಿನ ಕಡೆ ಒಮ್ಮೆಯೂ ಮೂಗು ತಿರುಗಿಸಿದವನಲ್ಲ. ಹೆಣ್ಣುಮಕ್ಕಳು ಎಂದರೆ ರಕ್ತಹೀನತೆ, ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ, ಅಲ್ಲಿಗೆ ನನ್ನ ಕರ್ತವ್ಯ ಮುಗಿಯಿತು ಅಂದುಕೊಂಡಿದ್ದೆ.

ನಿವೃತ್ತಿಗೆ ಮುಂಚಿನ ವರ್ಷ ಹತ್ತನೇ ತರಗತಿಯ ಹುಡುಗಿಯೊಬ್ಬಳು ಮೊದಲ ಪೀರಿಯಡ್‌ನಲ್ಲೇ ತೂಕಡಿಸುತ್ತಿದ್ದಳು. ಜಾಣೆ. ರಕ್ತ ಕಡಿಮೆಯಿರಬೇಕೆಂದು ನಾನೇ ತೀರ್ಮಾನಿಸಿ, ತಾಯಿಯನ್ನು ಕರೆಸಿ, ತಾಲ್ಲೂಕು ಆಸ್ಪತ್ರೆಯಲ್ಲಿ ಹದಿಹರೆಯದವರಿಗಿರುವ ಸ್ನೇಹ ಕ್ಲಿನಿಕ್‌ಗೆ ಕಳಿಸಿದೆ. ರಕ್ತ ಸರಿಯಾಗಿಯೇ ಇತ್ತು. ಅಲ್ಲಿನ ಆಪ್ತಸಮಾಲೋಚಕಿ ತಾಯಿಯನ್ನು ಹೊರಗೆ ಕೂರಿಸಿ ಅರ್ಧ ಗಂಟೆ ಮಾತಾಡಿಸಿದಾಗ ವಿಷಯ ಹೊರಬಂತು: ಪೂರ್ವಸಿದ್ಧತಾ ಪರೀಕ್ಷೆಗೆ ಓದಲು ದಿನಾ ರಾತ್ರಿ ಎರಡು ಬಾಟಲಿ ಎನರ್ಜಿ ಡ್ರಿಂಕ್, ಆಮೇಲೆ ನಿದ್ದೆ ಬಾರದೆ ಎರಡು ಗಂಟೆಯವರೆಗೆ ರೀಲ್ಸ್, ಎದೆ ಡವಡವ. ಬಾಟಲಿಗೆ ಇಪ್ಪತ್ತು ರೂಪಾಯಿ. ಮಗಳು ಜ್ಯೂಸ್ ಕುಡಿಯುತ್ತಾಳೆ ಅಂದುಕೊಂಡು ಅಮ್ಮನೇ ದುಡ್ಡು ಕೊಡುತ್ತಿದ್ದಳು!

ಆ ಪಾನೀಯದಲ್ಲಿ ಲೀಟರಿಗೆ 300 ಮಿಲಿಗ್ರಾಂವರೆಗೆ ಕೆಫೀನ್ ಇರಲು ನಿಯಮವೇ ಬಿಟ್ಟಿದೆ. ಮಕ್ಕಳಿಗೆ, ಗರ್ಭಿಣಿಯರಿಗೆ ತಕ್ಕುದಲ್ಲ ಎಂದು ಅದರ ಮೇಲೆಯೇ ಅಚ್ಚಾಗಿರುತ್ತದೆ, ಇರುವೆಯಂಥ ಅಕ್ಷರದಲ್ಲಿ. ಗೂಡಂಗಡಿಯವನು ಭೂತಗನ್ನಡಿ ಹಿಡಿದು ವ್ಯಾಪಾರ ಮಾಡುವುದಿಲ್ಲ. ಬೀಡಿಯನ್ನು ದೂರ ಸರಿಸಿದ ಅದೇ ಜಾಗದಲ್ಲಿ ಇವತ್ತು ಈ ಬಾಟಲಿಗಳು ಸಾಲಾಗಿ ನಿಂತಿವೆ, ಐಸ್ ಡಬ್ಬದೊಳಗೆ.

ಇ-ಸಿಗರೇಟಿನದೂ ಇದೇ ಪಾಡು. 2019ರಿಂದ ದೇಶದಲ್ಲಿ ಅದರ ಮಾರಾಟಕ್ಕೆ ನಿಷೇಧವಿದೆ. ಆದರೆ ಪೆನ್ನಿನ ಹಾಗಿರುವ, ಮಾವಿನ ಹಣ್ಣಿನ ಪರಿಮಳ ಸೂಸುವ ವಸ್ತುವನ್ನು ನನ್ನಂಥ ಮೇಷ್ಟ್ರು ಕಂಪಾಸ್ ಬಾಕ್ಸ್‌ನಲ್ಲಿ ಕಂಡರೂ ಮುಚ್ಚಿ ವಾಪಸು ಕೊಟ್ಟಾರು.

ಮಕ್ಕಳು ಓಡಿಸುವ ಸ್ಕೂಟರಿನ ವಿಷಯ ಬೆಳೆಸುವುದಿಲ್ಲ. ಅಪ್ರಾಪ್ತರ ಕೈಗೆ ಗಾಡಿ ಕೊಟ್ಟು ಅಪರಾಧವಾದರೆ ಪಾಲಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆ ಎಂದು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಹೇಳುತ್ತದೆ. ಒಂಬತ್ತನೇ ಕ್ಲಾಸಿನ ಹುಡುಗ ತಂಗಿಯನ್ನು ಹಿಂದೆ ಕೂರಿಸಿಕೊಂಡು ಬಂದು ನಮ್ಮ ಶಾಲೆಯ ಗೇಟಿನ ಹತ್ತಿರವೇ ಸ್ಟ್ಯಾಂಡ್ ಹಾಕುತ್ತಾನೆ. ಇದಕ್ಕೆ ಮೂಗು ಬೇಡ, ಕಣ್ಣು ಸಾಕು. ನಾವು ನೋಡುವುದಿಲ್ಲ, ಅಷ್ಟೇ.

ಇನ್ನು ಫೋನು. ಹಳೆಯ ಚಟಕ್ಕೆ ಜೊತೆಗಾರರು ಬೇಕಿತ್ತು. ಒಬ್ಬ ಸಿಕ್ಕರೆ ನಾಲ್ವರ ಹೆಸರು ಬರುತ್ತಿತ್ತು. ಇದು ಹೊದಿಕೆಯೊಳಗೆ ಒಬ್ಬೊಬ್ಬರೇ ನಡೆಸುವ ವ್ಯವಹಾರ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇದಕ್ಕೆಂದು ಶಟ್ ಎಂಬ ಪ್ರತ್ಯೇಕ ಕ್ಲಿನಿಕ್ ತೆರೆಯಿತು. ನಾವು ಕಳ್ಳರನ್ನು ಹಿಡಿಯಲು ಇನ್ನೂ ಚೀಲ ತಡವುತ್ತಿದ್ದೇವೆ. ತೂಕಡಿಸುತ್ತಿದ್ದ ಆ ಹುಡುಗಿಯ ಫೋನಿನಲ್ಲಿ ರಾತ್ರಿ ಹತ್ತು ಗಂಟೆಗೆ ಬಂದಿದ್ದ ವಾಟ್ಸಾಪ್ ಸಂದೇಶ ಯಾರದ್ದೆಂದು ಆಪ್ತಸಮಾಲೋಚಕಿ ನನಗೆ ತೋರಿಸಿದರು. ವಿಜ್ಞಾನದ ಹೋಂವರ್ಕ್. ಕಳಿಸಿದವನು ನಾನು.

ಮಧ್ಯಾಹ್ನದ ಗೋಷ್ಠಿಗೆ ನೀವು ಸಿದ್ಧಪಡಿಸಿರುವ ನಿರ್ಣಯಗಳ ಕರಡು ನನ್ನ ಕೈಯಲ್ಲಿದೆ. ಮೂರನೆಯದು ಹೀಗಿದೆ: ಮಕ್ಕಳು ರಾತ್ರಿ ಮೊಬೈಲ್ ಬಳಸದಂತೆ ಪಾಲಕರು ನೋಡಿಕೊಳ್ಳಬೇಕು. ಅದಕ್ಕೆ ಒಂದು ಸಾಲು ಸೇರಿಸಲು ಈ ಸಭೆಯ ಅಧ್ಯಕ್ಷನಾಗಿ ಕೋರುತ್ತೇನೆ: ಸಂಜೆ ಏಳರ ನಂತರ ಯಾವ ಶಿಕ್ಷಕರೂ ಮಕ್ಕಳ ಗುಂಪಿಗೆ ಏನನ್ನೂ ಕಳಿಸಬಾರದು. ಒಪ್ಪುವವರು ಕೈ ಎತ್ತಿ. ಹಿಂದಿನ ಸಾಲಿನವರು ಮೊದಲು ಕೈಯಲ್ಲಿರುವ ಫೋನು ಕೆಳಗಿಟ್ಟು ಎತ್ತಿ.