ಕಡೆಯ ಪಂಕ್ತಿಯ ಊಟ



ಪದವೀಧರರಿಗೆಲ್ಲ ನನ್ನ ಅಭಿನಂದನೆಗಳು. ಪದಕ ಪಡೆದವರನ್ನು ಕುಲಪತಿಗಳು ಯಥೋಚಿತವಾಗಿ ಶ್ಲಾಘಿಸಿರುವುದರಿಂದಲೂ, ಪದಕ ಬಾರದವರ ಮೇಲೆಯೇ ಮುಂದೆ ಹೆಚ್ಚಿನ ರೋಗಿಗಳ ಭಾರ ಬೀಳುವುದೆಂಬುದು ನನ್ನ ಅನುಭವವಾಗಿರುವುದರಿಂದಲೂ, ಆ ವಿಷಯವನ್ನು ಅಲ್ಲಿಗೇ ಬಿಡುತ್ತೇನೆ. ವೈದ್ಯಕೀಯ, ಶುಶ್ರೂಷೆ, ಆಹಾರಶಾಸ್ತ್ರ ಎಂಬ ಮೂರು ವಿದ್ಯೆಗಳನ್ನು ಕಲಿತವರು ಇಂದು ಒಂದೇ ಸಭಾಂಗಣದಲ್ಲಿರುವಿರಿ. ನಾಳೆಯಿಂದ ಒಬ್ಬರ ಮಾತನ್ನೊಬ್ಬರು ಕೇಳುವ ಸಂಭವ ಕಡಿಮೆ. ಆದುದರಿಂದ ಮೂವರಿಗೂ ಸಂಬಂಧಿಸಿದ ಒಂದು ಚಿಂತೆಯನ್ನು, ನನ್ನ ವೃತ್ತಿಜೀವನದ ಉತ್ತರಾರ್ಧವನ್ನೆಲ್ಲ ಆಕ್ರಮಿಸಿದ ಒಂದೇ ಚಿಂತೆಯನ್ನು, ನಿಮ್ಮ ಮುಂದಿಡುವೆನು. ಮುಪ್ಪನ್ನೂ ಮುಪ್ಪಿನಲ್ಲಿ ಬರುವ ರೋಗಗಳನ್ನೂ ನಾವು ಅರುವತ್ತರ ಅಂಚಿನಲ್ಲಿ ನಿಂತು ಎದುರಿಸಲು ಯತ್ನಿಸುತ್ತಿರುವೆವು. ಅವುಗಳ ಬೀಜವಾದರೋ ಅದಕ್ಕೆ ಎಷ್ಟೋ ಮೊದಲು, ನಮ್ಮ ಮನೆಗಳಲ್ಲಿ ಎಲ್ಲರಿಗೂ ಬಡಿಸಿ ಕಡೆಗೆ ಪಾತ್ರೆಯ ತಳ ಬಳಿದುಕೊಂಡು ಉಣ್ಣುವ ಹೆಣ್ಣುಮಗಳ ತಟ್ಟೆಯಲ್ಲಿ ಬಿದ್ದಿರುತ್ತದೆ.

ನನಗೆ ವೈದ್ಯವಿದ್ಯೆಯನ್ನು ಕಲಿಸಿದ ಗುರುಗಳು ಈ ಮಾತನ್ನು ಇಷ್ಟು ಸ್ಪಷ್ಟವಾಗಿ ಎಂದೂ ಹೇಳಿದವರಲ್ಲ. ಮುಚ್ಚುಕೊರಳಿನ ಕೋಟು ತೊಟ್ಟು, ಬೆಳಗಿನ ಎಂಟಕ್ಕೆ ಸರಿಯಾಗಿ ವಾರ್ಡಿಗೆ ಬಂದು, ಜ್ವರದ ಪಟ್ಟಿಯನ್ನು ಕಣ್ಣೆತ್ತಿಯೂ ನೋಡದೆ ನೇರವಾಗಿ ರೋಗಿಯ ಮಂಚದಂಚಿನಲ್ಲಿ ಕುಳಿತುಬಿಡುತ್ತಿದ್ದರು. "ನೆನ್ನೆ ರಾತ್ರಿ ಏನಪ್ಪ ಉಂಡೆ?" "ಮುದ್ದೆ ಬುದ್ದಿ." "ಯಾತರ ಸಾರು?" "ಉಪ್ಸಾರು." "ಕಾಳು ಹಾಕಿತ್ತೋ, ಬರೀ ಸೊಪ್ಪೋ?" ಹೀಗೆ ಪೋಲೀಸರ ವಿಚಾರಣೆಯಂತೆ ಸಾಗಿದ ಈ ಪ್ರಶ್ನೋತ್ತರ ಮುಗಿದಮೇಲೆ ತಮ್ಮ ಎರಡು ಬೆರಳುಗಳನ್ನು ರೋಗಿಯ ಅಂಗೈಯಲ್ಲಿಟ್ಟು, "ಹಿಂಡು, ನೋವಾದರೂ ಪರವಾಗಿಲ್ಲ" ಎನ್ನುವರು, ಬಳಿಕ ಅವನನ್ನು ಮುಕ್ಕಾಲಿಯ ಮೇಲೆ ಕೂರಿಸಿ, ಕೈಗಳನ್ನು ಎದೆಯ ಮೇಲೆ ಕಟ್ಟಿಸಿ, ಊರುಗೋಲಿಲ್ಲದೆ ಎದ್ದು ನಿಲ್ಲುವಂತೆ ಹೇಳುವರು. ಎದ್ದರೆ ಅವರ ಮುಖ ಅರಳುವುದು. ತೊಡೆ ನಡುಗಿ ಮತ್ತೆ ಕುಸಿದರೆ, ರಕ್ತಪರೀಕ್ಷೆಯ ಫಲಿತಾಂಶ ಎಷ್ಟೇ ಚೆನ್ನಾಗಿದ್ದರೂ ಅವರಿಗೆ ಸಮಾಧಾನವಿರುತ್ತಿರಲಿಲ್ಲ.

ಇದೆಲ್ಲ ಹಳಬರ ಚಾಳಿಯೆಂದು ನನ್ನ ಸಹಪಾಠಿಗಳು ಮುಸಿಮುಸಿ ನಗುತ್ತಿದ್ದುದುಂಟು. ಆದರೆ 2015ರಲ್ಲಿ, ಭಾರತವೂ ಸೇರಿ ಹದಿನೇಳು ದೇಶಗಳಲ್ಲಿ ಸುಮಾರು ಒಂದು ಲಕ್ಷದ ನಲವತ್ತು ಸಾವಿರ ಜನರ ಕೈಹಿಡಿತದ ಬಲವನ್ನು ಅಳೆದು ವರ್ಷಗಳ ಕಾಲ ಅವರನ್ನು ಗಮನಿಸಿದ ಒಂದು ಬೃಹತ್ ಅಧ್ಯಯನವು, ಯಾರು ಬೇಗ ಸಾಯುವರೆಂಬುದನ್ನು ರಕ್ತದೊತ್ತಡಕ್ಕಿಂತಲೂ ಕೈಹಿಡಿತವೇ ಚೆನ್ನಾಗಿ ಸೂಚಿಸುವುದೆಂದು ಪ್ರಕಟಿಸಿತು. ಗುರುಗಳು ಆಗ ಬದುಕಿರಲಿಲ್ಲ. ಇದ್ದಿದ್ದರೂ ಆಶ್ಚರ್ಯಪಡುತ್ತಿದ್ದರೆಂದು ನನಗೆ ತೋರುವುದಿಲ್ಲ. ಊಟದಿಂದ ರಕ್ತಕ್ಕೆ ಬಂದ ಸಕ್ಕರೆಯ ಬಹುಪಾಲನ್ನು ಹೀರಿಕೊಳ್ಳುವುದು ಮಾಂಸಖಂಡವೇ ಎಂಬುದನ್ನೂ, ಅದು ಸವೆದವನಿಗೆ ಸಕ್ಕರೆಯ ರೋಗವೂ ಬೀಳುವ ಭಯವೂ ಏಕಕಾಲದಲ್ಲಿ ಬಂದೊದಗುವುವೆಂಬುದನ್ನೂ ಅವರು ಬೆರಳುಗಳಿಂದಲೇ ಬಲ್ಲವರಾಗಿದ್ದರು.

ಅವರ ಇನ್ನೊಂದು ಪದ್ಧತಿಯನ್ನು ಹೇಳದಿದ್ದರೆ ಈ ಚಿತ್ರ ಪೂರ್ಣವಾಗದು. ರೋಗಿಯನ್ನು ವಿಚಾರಿಸಿ ಮುಗಿಸಿ ಏಳುವಾಗ, ಮಂಚದ ತಲೆದೆಸೆಯಲ್ಲಿ ಸೆರಗನ್ನು ಬಾಯಿಗೆ ಹಿಡಿದು ನಿಂತಿರುತ್ತಿದ್ದ ಅವನ ಹೆಂಡತಿಯ ಕಡೆಗೆ ತಿರುಗಿ, "ನೀನೇನು ಉಂಡೆಯಮ್ಮ?" ಎಂದು ಕೇಳುವರು. ಆ ಹೆಂಗಸರಲ್ಲಿ ನೇರವಾಗಿ ಉತ್ತರ ಕೊಟ್ಟವರನ್ನು ನಾನು ಕಾಣೆ. ಕೆಲವರು ನಗುವರು, ಕೆಲವರು ನೆಲ ನೋಡುವರು, ಒಬ್ಬಾಕೆ ಮಾತ್ರ, "ನಂದೇನು ಬುದ್ದಿ, ಉಳಿದ್ರೆ ಉಂಡೆ" ಎಂದಳು. ಗುರುಗಳು ಅದನ್ನು ಗಂಡನ ಕೇಸ್ ಶೀಟಿನಲ್ಲಿ ಬರೆಯಿಸಿದರು.

ಆಕೆಯ ಗಂಡ ಮಂಡ್ಯದ ಕಡೆಯ ರೈತ. ಕನ್ನಂಬಾಡಿ ಕಟ್ಟೆ ಏಳುವ ಮುನ್ನ ಆ ಸೀಮೆಯ ಬಹುಭಾಗ ರಾಗಿ, ಹುರುಳಿ, ಅವರೆಗಳ ಬೆದ್ದಲು. ನಾಲೆಯ ನೀರು ಹರಿದು, 1933ರಲ್ಲಿ ಸಕ್ಕರೆ ಕಾರ್ಖಾನೆಯೂ ಸ್ಥಾಪಿತವಾದಮೇಲೆ ಹೊಲವು ಗದ್ದೆಯಾಯಿತು, ಗದ್ದೆಯಲ್ಲಿ ಭತ್ತವೂ ಕಬ್ಬೂ ನಿಂತುವು. ಇದನ್ನು ಶಾಪವೆನ್ನುವವನು ಕ್ಷಾಮವನ್ನು ಕಾಣದವನು. ಹಸಿವು ಹಿಂಗಿದುದು ಸಾಮಾನ್ಯ ಪುಣ್ಯವಲ್ಲ. ಆದರೆ ಹಬ್ಬಕ್ಕೊಮ್ಮೆ ಬೇಯುತ್ತಿದ್ದ ಅನ್ನವು ಮೂರು ಹೊತ್ತಿನದಾಗಿ, ಆ ಅಕ್ಕಿಯೂ ಗಿರಣಿಯಲ್ಲಿ ತೌಡು ಕಳೆದು ಮಲ್ಲಿಗೆಯ ಬಣ್ಣಕ್ಕೆ ಬಂದು, ಕಾಳಿನ ಪಾಲು ಕುಗ್ಗಿ, ನೇಗಿಲ ಹಿಂದೆ ನಡೆಯುತ್ತಿದ್ದವನ ಮಗನು ದ್ವಿಚಕ್ರ ವಾಹನವೇರಿದಾಗ, ದೇಹವೊಂದೇ ಹಳೆಯ ಕಾಲದಲ್ಲಿ ಉಳಿಯಿತು. ದೇಶದಲ್ಲಿ ಮಧುಮೇಹಿಗಳು ಹತ್ತು ಕೋಟಿಯನ್ನು ಮೀರಿರುವರೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ಅಂದಾಜು ಮಾಡಿದಾಗ, ಮಂಡ್ಯದ ವೈದ್ಯರಾರೂ ಬೆಚ್ಚಿಬಿದ್ದಿರಲಾರರು.

ಇಲ್ಲಿ ರಾಗಿಯ ವಿಷಯ ಬಂದುದರಿಂದ ನನ್ನ ಹಳೆಯ ಹುಚ್ಚಿಗೆ ಸ್ವಲ್ಪ ಅವಕಾಶ ಕೊಡಿ. ಅದೇ ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕುಳಿತು, ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ, ಇಂಡಾಫ್ ಎಂಬ ತಳಿಗಳನ್ನು ಹೊರತಂದು ಬಡವನ ಇಳುವರಿಯನ್ನು ಹೆಚ್ಚಿಸಿದ ಲಕ್ಷ್ಮಣಯ್ಯನವರ ಹೆಸರನ್ನು ನಿಮ್ಮಲ್ಲಿ ಎಷ್ಟು ಮಂದಿ ಕೇಳಿರುವಿರೋ ನಾನರಿಯೆ, ಆಹಾರಶಾಸ್ತ್ರದವರಾದರೂ ಕೇಳಿರಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಷ್ಟೇ ತೂಕದ ಬಿಳಿಯ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಮಿನ ಆಸುಪಾಸು. ಬೆಳೆಯುವ ಹೆಣ್ಣುಮಗಳ ಎಲುಬಿಗೆ ರಾಗಿಗಿಂತ ಅಗ್ಗವಾದ ಧಾನ್ಯವನ್ನು ನಾನು ಕಾಣೆ. ಆದರೆ 2023ನೆಯ ವರ್ಷವನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಘೋಷಿಸಿದಂದಿನಿಂದ ಪೇಟೆಯಲ್ಲಿ ಹೊರಟಿರುವ ರಾಗಿ ಬಿಸ್ಕತ್ತು, ರಾಗಿ ಚಾಕೊಲೇಟುಗಳನ್ನು ಕಂಡರೆ ನನಗೆ ಸಿಟ್ಟು ಬರುವುದು. ಸಕ್ಕರೆಗೂ ಡಾಲ್ಡಕ್ಕೂ ಕಂದು ಬಣ್ಣ ಬಳಿದ ಮಾತ್ರಕ್ಕೆ ಅವು ಧಾನ್ಯವಾಗುವುದಿಲ್ಲ. ರಾಗಿಯು ಮಧುಮೇಹದ ಮದ್ದೆಂಬ ಮಾತನ್ನೂ ನಂಬಬೇಡಿ. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿಯು ರಕ್ತದ ಸಕ್ಕರೆಯನ್ನು ಸರಸರನೆ ಏರಿಸಬಲ್ಲುದು. ಉಳುವವನಿಗೆ ತಕ್ಕುದಾಗಿದ್ದ ದೊಡ್ಡ ಮುದ್ದೆಯು, ಬೆಳಗಿನಿಂದ ಸಂಜೆಯವರೆಗೆ ಕುರ್ಚಿಯನ್ನು ಬಿಡದವನಿಗೆ ತಕ್ಕುದಲ್ಲ.

ಇನ್ನು ಕಡೆಯ ಪಂಕ್ತಿಯಲ್ಲಿ ಉಣ್ಣುವವಳ ವಿಷಯಕ್ಕೆ ಬರುವೆನು. ಮೈಸೂರಿನ ಮಂಡಿ ಮೊಹಲ್ಲದಲ್ಲಿ, ಊರಿನವರು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಿದೆ. ಅಲ್ಲಿನ ಹೆರಿಗೆ ವಾರ್ಡಿನಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳ ದಾಖಲೆ ಉಳಿದುಬಂದಿತ್ತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದ ಬಳಿಕ, ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿದ್ದ ಡೇವಿಡ್ ಬಾರ್ಕರ್, ಕ್ಯಾರೊಲಿನ್ ಫಾಲ್ ಮೊದಲಾದವರೂ ಮೈಸೂರಿನ ಸಂಶೋಧಕರೂ ಕೂಡಿ, ಆ ದಾಖಲೆಗಳಲ್ಲಿದ್ದ ಶಿಶುಗಳು ಈಗ ಎಲ್ಲಿರುವರೆಂದು ಮನೆಮನೆ ತಿರುಗಿ ಹುಡುಕಿದರು. 1934ಕ್ಕೂ 1954ಕ್ಕೂ ನಡುವೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಪರೀಕ್ಷಿಸಿ ಅವರು ಪ್ರಕಟಿಸಿದ ಪ್ರಬಂಧ 1996ರದು. ಹುಟ್ಟುವಾಗ ಐದೂವರೆ ಪೌಂಡು ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ ಹನ್ನೊಂದು ಮಂದಿಗೆ ಹೃದಯದ ರಕ್ತನಾಳಗಳ ರೋಗವಿದ್ದರೆ, ಏಳು ಪೌಂಡಿಗೂ ಹೆಚ್ಚು ತೂಗಿದವರಲ್ಲಿ ಅದು ನೂರಕ್ಕೆ ಮೂರು. ಶಿಶುವೂ ಹಗುರ, ಹೆತ್ತ ತಾಯಿಯೂ ಗರ್ಭಿಣಿಯಾಗಿದ್ದಾಗ ನೂರು ಪೌಂಡಿಗಿಂತ ಕಡಿಮೆ ಎಂಬಲ್ಲಿ ಆ ಸಂಖ್ಯೆ ಇಪ್ಪತ್ತಕ್ಕೇರಿತ್ತು.

ಐನೂರು ಚಿಲ್ಲರೆ ಜನರು ದೊಡ್ಡ ಸಂಖ್ಯೆಯಲ್ಲವೆಂದು ನಿಮ್ಮಲ್ಲಿ ಸಂಖ್ಯಾಶಾಸ್ತ್ರ ಓದಿದವರು ಹೇಳುವಿರಿ, ನಿಜ. ಆದರೆ ಆ ನೂರು ಪೌಂಡಿನ ತಾಯಿ ಯಾರೆಂಬುದು ನನಗೆ ಗೊತ್ತು. ಉಳಿದರೆ ಉಂಡವಳು ಆಕೆ. ಆಕೆಯ ತಟ್ಟೆಯಲ್ಲಿ ಇಲ್ಲದ ಕಾಳೂ ಹಾಲೂ ಐವತ್ತು ವರ್ಷಗಳ ಬಳಿಕ ಆಕೆಯ ಮಗನ ಎದೆಯಲ್ಲಿ ನೋವಾಗಿ ಕಾಣಿಸಿಕೊಂಡಾಗ, ನಾವು ಅವನ ಬೀಡಿಯನ್ನೂ ಅವನ ಎಣ್ಣೆಯನ್ನೂ ದೂರಿ, ಅಲ್ಲಿಗೆ ಚರಿತ್ರೆ ಮುಗಿಯಿತೆಂದು ಭಾವಿಸುವೆವು. ಬೀಡಿಯ ಅಪರಾಧ ಕಡಿಮೆಯೆಂದು ಇದರ ಅರ್ಥವಲ್ಲ. ತಾಯಿ ಎಷ್ಟು ದಪ್ಪವಾದರೆ ಅಷ್ಟು ಒಳಿತೆಂದೂ ಅಲ್ಲ. ಅದೇ ಮೈಸೂರಿನ ದಾಖಲೆಗಳಲ್ಲಿ ಮಧುಮೇಹದ ಕಥೆ ಬೇರೆಯಾಗಿದ್ದು, ತೂಕ ಹೆಚ್ಚಿದ್ದ ತಾಯಂದಿರ, ಉದ್ದಕ್ಕೆ ಮೀರಿ ದುಂಡಗಿನ ಶಿಶುಗಳಾಗಿ ಹುಟ್ಟಿದವರಲ್ಲಿ ಅದು ಹೆಚ್ಚಾಗಿ ಕಂಡುಬಂದಿತು. 1997ರಿಂದ ಅಲ್ಲಿಯೇ ಗರ್ಭಿಣಿಯರನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು ಆರು ಮಂದಿಗೆ ಬಸುರಿನ ಸಕ್ಕರೆ ರೋಗವಿತ್ತು. ತಾಯಿಗೆ ಬೇಕಾದುದು ಅನ್ನದ ರಾಶಿಯಲ್ಲ. ಕಾಳು, ಸೊಪ್ಪು, ಹಾಲು, ಒಗ್ಗುವವರಿಗೆ ಮೊಟ್ಟೆ ಮೀನು, ಅದೂ ಬಸುರಾಗುವುದಕ್ಕೆ ವರ್ಷಗಳ ಮೊದಲಿನಿಂದ.

ಈಗ ನಿಮ್ಮ ಕಡೆಗೆ ತಿರುಗುತ್ತೇನೆ. ನೀವು ಇಷ್ಟಪಟ್ಟು ಕೇಳಲಾರಿರಿ. ಎಲುಬು ಮಾಂಸಖಂಡಗಳ ಕಣಜವು ತುಂಬುವುದು ಸುಮಾರು ಮೂವತ್ತರವರೆಗೆ ಮಾತ್ರ. ಆಮೇಲಿನ ಆಯುಸ್ಸೆಲ್ಲ ಅದರಿಂದ ತೆಗೆದು ಖರ್ಚು ಮಾಡುವ ಕಾಲ. ನಿಮಗೆ ಇಪ್ಪತ್ತಮೂರು, ಇಪ್ಪತ್ತನಾಲ್ಕು. ಆ ಕಣಜಕ್ಕೆ ನೀವು ಏನು ತುಂಬುತ್ತಿರುವಿರೆಂಬುದನ್ನು ವಿದ್ಯಾರ್ಥಿನಿಲಯಗಳ ಬಾಗಿಲಿನಲ್ಲಿ ರಾತ್ರಿ ಹನ್ನೊಂದಕ್ಕೆ ಬಂದು ನಿಲ್ಲುವ ಡೆಲಿವರಿ ಹುಡುಗರು ಬಲ್ಲರು. ಬೆಳಗಿನ ತಿಂಡಿಯನ್ನು ತೆಳ್ಳಗಾಗುವ ಹಂಬಲದಿಂದ ಬಿಟ್ಟು, ಹನ್ನೊಂದು ಗಂಟೆಗೆ ಪಫ್ಸನ್ನೂ ಟೀಯನ್ನೂ ಸೇವಿಸಿ, ಎರಡನೆಯ ಮಹಡಿಗೂ ಲಿಫ್ಟು ಹತ್ತುವ ಭಾವೀ ವೈದ್ಯರನ್ನು ಕಂಡು ನನಗೆ ತಾಳ್ಮೆ ಉಳಿದಿಲ್ಲ. ತೆಳ್ಳಗಿರುವುದೇ ಆರೋಗ್ಯವೆಂದು ನಂಬಿರುವವರು ಪುಣೆಯ ಡಾಕ್ಟರ್ ಯಾಜ್ಞಿಕರು 2004ರಲ್ಲಿ ತಮ್ಮ ಆಂಗ್ಲ ಮಿತ್ರರೊಂದಿಗೆ ಪ್ರಕಟಿಸಿದ ಒಂದು ಭಾವಚಿತ್ರವನ್ನು ನೋಡಬೇಕು. ಇಬ್ಬರು ವಿದ್ವಾಂಸರೂ ಪಕ್ಕಪಕ್ಕದಲ್ಲಿ ನಿಂತಿರುವರು. ಎತ್ತರಕ್ಕೂ ತೂಕಕ್ಕೂ ಇರುವ ಪ್ರಮಾಣ ಇಬ್ಬರಲ್ಲಿಯೂ ಒಂದೇ, 22.3. ಆದರೆ ಶರೀರದ ಕೊಬ್ಬು ಆ ಮಿತ್ರರಲ್ಲಿ ನೂರಕ್ಕೆ 9.1, ನಮ್ಮವರಲ್ಲಿ 21.2. ನಮ್ಮ ಜನದ ಕೊಬ್ಬು ಅಂಗಿಯ ಮರೆಯಲ್ಲಿ ಸುಲಭವಾಗಿ ಅಡಗಿಕೊಳ್ಳುವುದು.

ಹಿಂದಿನ ಸಾಲುಗಳಲ್ಲಿರುವ ತಾಯಿತಂದೆಗಳು, ತಮ್ಮ ಕಾಲ ಕಳೆಯಿತೆಂದು ಎದೆಗುಂದಬೇಕಾಗಿಲ್ಲ. ಚೀನದ ಡಾಚಿಂಗ್ ನಗರದಲ್ಲಿ 1986ರಿಂದ ಆರು ವರ್ಷ, ಮಧುಮೇಹದ ಹೊಸ್ತಿಲಲ್ಲಿದ್ದವರಿಗೆ ಆಹಾರ ವ್ಯಾಯಾಮಗಳ ಕ್ರಮವನ್ನು ಕಲಿಸಿದುದರ ಫಲವಾಗಿ, ಮೂವತ್ತು ವರ್ಷಗಳ ಲೆಕ್ಕದಲ್ಲಿ ಅವರಿಗೆ ರೋಗ ಬರುವುದು ಸರಾಸರಿ ಸುಮಾರು ನಾಲ್ಕು ವರ್ಷ ಹಿಂದೆ ಸರಿಯಿತು. ಚೆನ್ನೈಯ ರಾಮಚಂದ್ರನ್ನರು ನಮ್ಮ ಜನರಲ್ಲಿಯೇ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಡಿಗೆ ಮತ್ತು ಮಿತಾಹಾರಗಳಿಂದ ಮಧುಮೇಹಕ್ಕೆ ಜಾರುವ ಸಂಭವವು ನೂರಕ್ಕೆ ಇಪ್ಪತ್ತೆಂಟರಷ್ಟು ತಗ್ಗಿತು. ಅಲ್ಲಿಯೇ ಕೆಲವರಿಗೆ ಕೊಟ್ಟ ಮಾತ್ರೆಯಿಂದ ಆದ ಲಾಭ ಇದಕ್ಕಿಂತ ಹೆಚ್ಚಿರಲಿಲ್ಲ.

ಉಪದೇಶವಿಲ್ಲದೆ ಘಟಿಕೋತ್ಸವ ಭಾಷಣ ಮುಗಿಯದಂತೆ. ಗಂಡುಮಕ್ಕಳು ಅಡುಗೆ ಕಲಿಯಿರಿ. ಬೇಳೆ ಬೇಯಿಸಿ ಸೊಪ್ಪು ಹಾಕಿ ಸಾರು ಮಾಡಲು ಬಾರದವನಿಗೆ ಮಧುಮೇಹಿಗೆ ಪಥ್ಯ ಹೇಳುವ ಅಧಿಕಾರ ಎಲ್ಲಿಂದ ಬಂದಿತು? ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವಂತೆ ಹಟ ಹಿಡಿಯಿರಿ. ಕೂರದಿದ್ದರೆ ನೀವೇ ಎದ್ದು ತಾಯಿಗೆ ಮೊದಲು ಬಡಿಸಿರಿ. ವಯಸ್ಸಾದವರ ಬಾಯನ್ನು ತೆರೆಯಿಸಿ ಹಲ್ಲು ನೋಡಿರಿ. ಎಷ್ಟೋ ವೃದ್ಧರು ಕಾಳು, ತರಕಾರಿಗಳನ್ನು ಬಿಟ್ಟು ಹಾಲನ್ನಕ್ಕೆ ಇಳಿದಿರುವುದು ವೈರಾಗ್ಯದಿಂದಲ್ಲ, ದವಡೆಯ ಹಲ್ಲು ಉದುರಿದುದರಿಂದ. ಅವರಿಗೆ ಬೇಕಾದುದು ದಂತವೈದ್ಯನ ವಿಳಾಸವೇ ಹೊರತು ಟಾನಿಕ್ಕಲ್ಲ. ಉಪ್ಪು ದಿನಕ್ಕೆ ಐದು ಗ್ರಾಮಿನೊಳಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳನ್ನು ಲೆಕ್ಕಕ್ಕೆ ಹಿಡಿದಮೇಲೆ ನಿಮ್ಮ ಮನೆಯ ಸಂಖ್ಯೆ ಎಷ್ಟಾಗುವುದೆಂದು ಒಂದು ತಿಂಗಳ ಉಪ್ಪಿನ ಪೊಟ್ಟಣಗಳ ತೂಕವನ್ನು ತಲೆಗೂ ದಿನಕ್ಕೂ ಭಾಗಿಸಿ ನೋಡಿರಿ.

ಕಡೆಯದಾಗಿ ದಾಖಲೆಗಳ ವಿಷಯ. ನಾನು ಬಹುಕಾಲ ಸೇವೆ ಸಲ್ಲಿಸಿದ ಒಂದು ಆಸ್ಪತ್ರೆಯಲ್ಲಿ, ಗೋಡೆಗಳಿಗೆ ಸುಣ್ಣ ಹೊಡೆಯಿಸುವ ನೆಪದಲ್ಲಿ ಹೆರಿಗೆ ವಾರ್ಡಿನ ಹಳೆಯ ರಿಜಿಸ್ಟರುಗಳನ್ನೆಲ್ಲ ಹಳೇ ಪೇಪರಿನವನಿಗೆ ತೂಕಕ್ಕೆ ಹಾಕಿದರು. ಮೈಸೂರಿನಲ್ಲಿ ಸಾಧ್ಯವಾದುದು ಇಲ್ಲಿಯೂ ಸಾಧ್ಯವಿತ್ತೆಂಬ ಸಂಕಟ ನನಗೆ ಇಂದಿಗೂ ಉಂಟು. ನಿಮ್ಮಲ್ಲಿ ಹಲವರು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಹೋಗುವಿರಿ. ದಾದಿಯರಂತೂ ಹೆರಿಗೆಯ ಕೋಣೆಯಲ್ಲಿಯೇ ಇರುವಿರಿ. ತಾಯಿ ಕಾರ್ಡಿನಲ್ಲಿ ಬಸುರಿಯ ತೂಕವನ್ನು ಪ್ರತಿ ಭೇಟಿಯಲ್ಲಿಯೂ ತೂಗಿಯೇ ಬರೆಯಿರಿ, ಕಳೆದ ತಿಂಗಳಿನ ಅಂಕೆಗೆ ಒಂದೆರಡನ್ನು ಕೂಡಿಸಿ ಬರೆಯಬೇಡಿ. ತೂಕದ ಯಂತ್ರ ಕೆಟ್ಟಿದ್ದರೆ ಕೆಟ್ಟಿದೆಯೆಂದು ಬರೆದು, ಮೇಲಧಿಕಾರಿಗೆ ಪತ್ರ ಹಾಕಿ, ಅದರ ಪ್ರತಿಯೊಂದನ್ನು ನಿಮ್ಮ ಬಳಿ ಇಟ್ಟುಕೊಳ್ಳಿ. ತೂಕ ಬರೆದಾದಮೇಲೆ, ಆಕೆ ನೆನ್ನೆ ರಾತ್ರಿ ಏನು ಉಂಡಳೆಂದು ಕೇಳಿರಿ. ಉತ್ತರ ಕೊಡುವವರೆಗೆ ಕಾದಿರಿ.