ಹಳೆಯ ಟ್ರಂಕಿನೊಳಗಿನ ಚೆಲುವು



ನೂರೈವತ್ತು ರೂಪಾಯಿಗೆ ಇಂದು ಏನು ಬರುತ್ತದೆ? ಒಂದು ದಪ್ಪ ನೋಟುಬುಕ್ಕು, ಎರಡು ಪೆನ್ನು. ಬಹಳವಾದರೆ ಒಂದು ಹೊತ್ತಿನ ಊಟ. 1854ರಲ್ಲಿ ಇದೇ ಮೊತ್ತಕ್ಕೆ ವಿಜಯಪುರದ ಮಲಿಕ್-ಎ-ಮೈದಾನ್ ತೋಪು ಹರಾಜಿನಲ್ಲಿ ಕೂಗಿಹೋಗಿತ್ತು. ಷೇರ್ಜಾ ಬುರುಜಿನ ಮೇಲೆ ಇಂದಿಗೂ ಮಲಗಿರುವ ಆ ಕಂಚಿನ ತೋಪನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಅದರ ತೂಕ ಸುಮಾರು 55 ಟನ್. ಲೆಕ್ಕ ಹಾಕಿ ನೋಡಿ: ಒಂದು ಟನ್ನಿಗೆ ಮೂರು ರೂಪಾಯಿಯೂ ಬೀಳಲಿಲ್ಲ! ಉಪಯೋಗಕ್ಕೆ ಬಾರದ ಸಾಮಾನುಗಳನ್ನು ವಿಲೇವಾರಿ ಮಾಡಿರೆಂದು ಆಗಿನ ಸರಕಾರದಿಂದ ಆಜ್ಞೆ ಬಂದಿತ್ತು. ಆ ಪಟ್ಟಿಯಲ್ಲಿ ಈ ತೋಪೂ ಸೇರಿತ್ತು. ಆದರೆ ಬಂದ ಬೆಲೆ ತೀರ ಕಡಿಮೆ. ಮೇಲಾಗಿ ಜನರು ಅದನ್ನು ಭಕ್ತಿಯಿಂದ ನೋಡುತ್ತಿದ್ದರು. ಕೊನೆಗೆ ಹರಾಜು ರದ್ದಾಯಿತು, ತೋಪು ನಮಗೆ ಉಳಿಯಿತು.

1549ರಲ್ಲಿ ಅಹಮದನಗರದಲ್ಲಿ ರೂಮಿ ಎಂಬ ಎರಕಗಾರ ಮಾಡಿದ ವಸ್ತುವಿದು. ಅದರ ಬಾಯಿಯನ್ನು ಒಮ್ಮೆ ಹತ್ತಿರದಿಂದ ನೋಡಿ. ತೆರೆದ ಸಿಂಹದ ದವಡೆ, ಹಲ್ಲುಗಳ ನಡುವೆ ಸಿಕ್ಕಿಕೊಂಡ ಪುಟ್ಟ ಆನೆ. ಕೊಲ್ಲುವುದಕ್ಕೆಂದೇ ಮಾಡಿದ ಯಂತ್ರಕ್ಕೆ ಇಷ್ಟು ಚೆಂದದ ಕೆತ್ತನೆ ಏಕೆ ಬೇಕಿತ್ತು? ಇದಕ್ಕೆ ನನ್ನ ಬಳಿ ಸಿದ್ಧ ಉತ್ತರವಿಲ್ಲ. ಆದರೆ ಕೈಯಲ್ಲಿ ಕಸುಬು ಇದ್ದವನಿಗೆ ಬರಿಯ ಉಪಯೋಗದಿಂದ ತೃಪ್ತಿಯಾಗುವುದಿಲ್ಲವೆಂದು ಕಾಣುತ್ತದೆ. ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದರೆ ಆ ತೋಪು ಗಂಟೆಯಂತೆ ನಾದ ಕೊಡುತ್ತದೆ.

ತೋಪಿಗೆ ಅದೃಷ್ಟವಿತ್ತು. ಎಲ್ಲ ವಸ್ತುಗಳಿಗೂ ಇರುವುದಿಲ್ಲ. ಹಿಂದಿನ ವರ್ಷ, ಅಂದರೆ 1853ರಲ್ಲಿ, ಅಸಾರ್ ಮಹಲಿನ ಹಸ್ತಪ್ರತಿಗಳ ಭಂಡಾರ ಲಂಡನ್ನಿಗೆ ಸಾಗಿಹೋಯಿತು. ಅದನ್ನು ಓದಬೇಕೆನ್ನುವವರು ಈಗ ಬ್ರಿಟಿಷ್ ಲೈಬ್ರರಿಯ ಬಾಗಿಲು ತಟ್ಟಬೇಕು. ಅಸಾರ್ ಮಹಲಿನ ಹಳೆಯ ಜಮಖಾನೆಗಳು ಮಾತ್ರ ಊರಲ್ಲೇ ಉಳಿದವು. ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯದಲ್ಲಿ 17ನೆಯ ಶತಮಾನದ ಆ ನೆಯ್ಗೆಯನ್ನು ನೀವು ಕಾಣಬಹುದು. ಆದರೆ ಪ್ರವಾಸಕ್ಕೆ ಬರುವ ಶಾಲಾ ಮಕ್ಕಳ ಸಾಲು ಪಿಸುಗುಟ್ಟುವ ಗ್ಯಾಲರಿಗೆ ಓಡುವ ಅವಸರದಲ್ಲಿ ಈ ಕಟ್ಟಡವನ್ನು ದಾಟಿಯೇ ಹೋಗಿಬಿಡುತ್ತದೆ. ಕೂಗಿ ಪ್ರತಿಧ್ವನಿ ಕೇಳುವುದು ಖುಷಿಯ ಕೆಲಸವೇ, ಬೇಡವೆನ್ನುವುದಿಲ್ಲ. ಇಳಿದು ಬಂದ ಮೇಲೆ ಅರ್ಧ ತಾಸು ಇಲ್ಲಿಯೂ ನಿಲ್ಲಿರಿ.

ಸರಕಾರದ ಮಾತು ಹಾಗಿರಲಿ, ನಮ್ಮ ಮನೆಗಳಲ್ಲಿ ಏನಾಗುತ್ತಿದೆ? ಓಣಿಯಲ್ಲಿ ಹಳೆಯ ಸಾಮಾನಿನವನ ಕೂಗು ಕೇಳಿದೊಡನೆ ಅಟ್ಟದ ಮೇಲಿನ ತಾಮ್ರದ ಹಂಡೆ ಕೆಳಗಿಳಿಯುತ್ತದೆ. ಕಿಲುಬು ಹಿಡಿದ ಹಿತ್ತಾಳೆಯ ಚರಗಿ, ಅಜ್ಜನ ಗಂಗಾಳ, ಬೀಸುವ ಕಲ್ಲಿನ ಸವೆದ ಗೂಟ, ಜೋಳ ಅಳೆಯುವ ಸೇರು, ಎಲ್ಲವೂ ತೂಕಕ್ಕೆ ಹೋಗುತ್ತವೆ. ಸ್ಟೀಲು ಬೇಡ, ಹಳೆಯದೇ ಇರಲಿ ಎಂದು ನಾನು ಹೇಳುವುದಿಲ್ಲ. ಹಂಡೆ ತಿಕ್ಕುವ ಕಷ್ಟ ತಿಕ್ಕಿದವರಿಗೇ ಗೊತ್ತು! ಆದರೆ ಕೊಡುವ ಮುಂಚೆ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ. ಅಂಚಿನ ಕೆಳಗೆ ಚುಕ್ಕೆ ಚುಕ್ಕೆಯಾಗಿ ಹೊಡೆದ ಹೆಸರು ಇದ್ದೀತು: ಯಾರ ಮದುವೆಗೆ ಯಾರು ಕೊಟ್ಟ ಉಡುಗೊರೆ, ಯಾವ ಊರು. ಮನೆತನದ ಇತಿಹಾಸ ಬರೆದಿಟ್ಟವರು ನಮ್ಮಲ್ಲಿ ವಿರಳ. ಪಾತ್ರೆಯ ಅಂಚಿನ ಮೇಲಿನ ಆ ಒಂದು ಸಾಲು ಎಷ್ಟೋ ಮನೆಗಳಿಗೆ ಏಕೈಕ ದಾಖಲೆ.

ಕೌದಿಯದೂ ಹಾಗೆಯೆ. ಸವೆದ ಇಳಕಲ್ ಸೀರೆ, ಹರಿದ ಧೋತರ, ಮಗುವಿನ ಕುಲಾವಿ ಇವುಗಳ ತುಂಡುಗಳನ್ನು ಸೇರಿಸಿ, ಸಾಲು ಸಾಲಾಗಿ ಹೊಲಿಗೆ ಹಾಕಿದ ಕೌದಿಯಲ್ಲಿ ಇಡೀ ಕುಟುಂಬವೇ ಮಲಗಿರುತ್ತದೆ. ಇದರ ಬಣ್ಣಗಳ ಹೊಂದಾಣಿಕೆಯನ್ನು ಅಜ್ಜಿಯರು ಯಾವ ಚಿತ್ರಕಲಾ ಶಾಲೆಯಲ್ಲೂ ಕಲಿಯಲಿಲ್ಲ. ನಮ್ಮ ಭಾಗದ ತಾಂಡಾಗಳಲ್ಲಿ ಲಂಬಾಣಿ ತಾಯಂದಿರ ಕಸೂತಿ ಇನ್ನೊಂದು ಬಗೆಯ ಭಂಡಾರ. ಕನ್ನಡಿ ಚೂರು, ಕವಡೆಗಳ ಜೊತೆಗೆ ಚಲಾವಣೆಯಿಲ್ಲದ ಹಳೆಯ ನಾಣ್ಯಗಳೂ ಬಟ್ಟೆಯ ಮೇಲೆ ಕುಳಿತಿರುತ್ತವೆ.

ಹಳೆಯ ವಸ್ತುವಿಗೆ ಬೆಲೆ ಕಟ್ಟುವ ಕಣ್ಣು ಒಬ್ಬ ಮನುಷ್ಯನಿಗಿದ್ದರೆ ಏನಾಗುತ್ತದೆ ಎಂಬುದಕ್ಕೆ ವಿಜಯಪುರದಲ್ಲಿಯೇ ದೊಡ್ಡ ನಿದರ್ಶನವಿದೆ. ಫ. ಗು. ಹಳಕಟ್ಟಿಯವರು 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ವಕೀಲಿ ವೃತ್ತಿಗೆಂದು ಈ ಊರಿಗೆ ಬಂದರು. ಜಗಲಿಯ ಮೂಲೆಯಲ್ಲಿ, ದೇವರ ಕೋಣೆಯ ಗಂಟುಗಳಲ್ಲಿ, ಹುಳು ತಿನ್ನುತ್ತಿದ್ದ ತಾಳೆಗರಿ ಕಟ್ಟುಗಳು ಅವರ ಕಣ್ಣಿಗೆ ಬಿದ್ದವು. ಎಷ್ಟೋ ಮನೆಗಳಲ್ಲಿ ಅವಕ್ಕೆ ವರ್ಷಕ್ಕೊಮ್ಮೆ ಅರಿಷಿಣ ಕುಂಕುಮ ಏರಿಸುತ್ತಿದ್ದರು, ಬಿಚ್ಚಿ ಓದುವವರಿರಲಿಲ್ಲ. ಹಳಕಟ್ಟಿಯವರು ಊರೂರು ಅಲೆದು ಅವನ್ನು ಕೂಡಿಸಿದರು, ಪಾಠಗಳನ್ನು ಹೋಲಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂತು. ಮುಂದೆ ಅಚ್ಚಿನ ಕೆಲಸ ಸಾಗಬೇಕೆಂದು ಇದ್ದ ಮನೆಯನ್ನು ಮಾರಿ 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ತೆರೆದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಇಂದು ನಿಮ್ಮ ಪಠ್ಯಪುಸ್ತಕದಲ್ಲಿ ವಚನಗಳಿವೆಯಲ್ಲವೆ? ಆ ಪುಟಗಳ ಹಿಂದೆ ಒಬ್ಬ ವಕೀಲರ ಮಾರಿಹೋದ ಮನೆಯಿದೆ.

ಇನ್ನು ಛಾಯಾಚಿತ್ರದ ಮಾತಿಗೆ ಬರೋಣ. ಕ್ಯಾಮರಾ ವಿಜಯಪುರಕ್ಕೆ ಬಹಳ ಬೇಗ ಬಂತು. 1855ರಲ್ಲಿಯೇ ಥಾಮಸ್ ಬಿಗ್ಸ್ ಎಂಬ ಸೈನ್ಯಾಧಿಕಾರಿ ಮುಂಬಯಿ ಸರಕಾರದ ಪರವಾಗಿ ಇಲ್ಲಿಯ ಕಟ್ಟಡಗಳನ್ನು ಚಿತ್ರಿಸಿದ. ಅವನ ಮತ್ತು ಮೇಜರ್ ಲಾಕ್ ಎಂಬವನ ಚಿತ್ರಗಳು ಮೆಡೋಸ್ ಟೇಲರನ ಬರಹ, ಫರ್ಗ್ಯುಸನ್ನನ ಟಿಪ್ಪಣಿಗಳೊಂದಿಗೆ 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಪ್ರಕಟಗೊಂಡವು. ಆ ಕಾಲದ ಇಂಥ ಚಿತ್ರಗಳನ್ನು ನೋಡಿದವರಿಗೆ ಒಂದು ವಿಚಿತ್ರ ಕಾಣುತ್ತದೆ: ಊರಿನಲ್ಲಿ ಜನರೇ ಇಲ್ಲ! ಕಾರಣ ಸರಳ. ಬಿಗ್ಸ್ ಬಳಸಿದ್ದು ಕಾಗದದ ನೆಗೆಟಿವ್. ಅದರ ಮೇಲೆ ಬೆಳಕು ನಿಮಿಷಗಟ್ಟಲೆ ಬೀಳಬೇಕಿತ್ತು. ಅಷ್ಟರಲ್ಲಿ ನಡೆದುಹೋದ ಮನುಷ್ಯ, ಬಾಲ ಬೀಸಿದ ಎತ್ತು, ಹಾರಿದ ಪಾರಿವಾಳ ಯಾವುದರ ಗುರುತೂ ಅದರಲ್ಲಿ ನಿಲ್ಲುತ್ತಿರಲಿಲ್ಲ. ಅಲುಗದೆ ನಿಂತದ್ದು ಕಲ್ಲು ಮಾತ್ರ.

ಈಗ ನಿಮ್ಮ ಕೈಯ ಫೋನು ಕ್ಷಣದ ನೂರನೆಯ ಭಾಗದಲ್ಲಿ ಚಿತ್ರ ಹಿಡಿಯುತ್ತದೆ. ಹಾಗಿದ್ದೂ ನಾವು ಹಿಡಿಯುವುದೇನು? ಗೋಳಗುಮ್ಮಟದ ಮುಂದೆ ಸಾಲಾಗಿ ನಿಂತ ನಮ್ಮನ್ನೇ. 44 ಮೀಟರ್ ಅಗಲದ ಗುಮ್ಮಟ ಬೆನ್ನ ಹಿಂದೆ ಬೆರಳಷ್ಟಾಗಿ ಕಾಣುತ್ತದೆ. ಇರಲಿ, ಅದೊಂದು ತೆಗೆದುಕೊಳ್ಳಿ. ಆಮೇಲೆ ಎರಡನೆಯ ಚಿತ್ರಕ್ಕೆ ಪುರುಸೊತ್ತು ಮಾಡಿಕೊಳ್ಳಿ. ಇಬ್ರಾಹಿಂ ರೋಜಾದ ಕಿಟಕಿಗಳಲ್ಲಿ ಕಲ್ಲನ್ನು ಅಕ್ಷರಗಳಾಗಿ ಕೊರೆದು ಜಾಲರಿ ಮಾಡಿದ್ದಾರೆ. ಬೆಳಕು ಅದರ ಮೂಲಕ ಸೋಸಿ ಬರುವಾಗ ನೋಡಿ. ಉಪ್ಪಲಿ ಬುರುಜಿನ ಹೊರಮೈಗೆ ಸುತ್ತಿಕೊಂಡ ಮೆಟ್ಟಿಲು, ಟಾಂಗಾದವನ ಕುದುರೆಯ ನೊಸಲಿನ ಗೊಂಡೆ, ಚಹದ ಅಂಗಡಿಯ ಹೊಗೆ ಹಿಡಿದ ಗೋಡೆ, ಇವೂ ಊರೇ.

ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ಪಶ್ಚಿಮಕ್ಕೆ ಹೊರಟರೆ ಮೊದಲು ತೊರವಿ ಸಿಗುತ್ತದೆ. ತೊರವೆ ರಾಮಾಯಣದ ಹೆಸರು ಕೇಳಿದವರಿಗೆ ಈ ಊರಿನ ನರಸಿಂಹನ ಪರಿಚಯವೂ ಇರುತ್ತದೆ. ಇಲ್ಲಿಯೇ 1599ರಲ್ಲಿ ಎರಡನೆಯ ಇಬ್ರಾಹಿಂ ಆದಿಲಶಾಹ ನವರಸಪುರವೆಂಬ ಹೊಸ ನಗರವನ್ನು ಕಟ್ಟತೊಡಗಿದ. ಸಂಗೀತಪ್ರಿಯ ಅರಸ, ಊರಿಗೂ ಪುಸ್ತಕಕ್ಕೂ ಅದೇ ‘ನವರಸ’ದ ಹೆಸರಿಟ್ಟ. 1624ರಲ್ಲಿ ಮಲಿಕ್ ಅಂಬರನ ದಾಳಿಗೆ ಅದು ಹಾಳಾಯಿತು. ಸಂಗೀತ ಮಹಲಿನ ಕಮಾನುಗಳು ಉಳಿದಿವೆ. ಸಂಜೆ ಬಿಸಿಲು ಆ ಕಮಾನಿನಿಂದ ಇಳಿಯುವ ಹೊತ್ತಿಗೆ ಅಲ್ಲಿರಬೇಕು. ಅದಕ್ಕೆ ಟಿಕೆಟ್ಟೂ ಇಲ್ಲ, ಗದ್ದಲವೂ ಇಲ್ಲ.

ಮುಂದೆ, ವಿಜಯಪುರದಿಂದ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿ, ಟಿಕೋಟಾ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಹೋದರೆ ರಸ್ತೆಯ ಪಕ್ಕದಲ್ಲಿ ಉದ್ದನೆಯ ಶೆಡ್ಡುಗಳನ್ನು ಕಾಣುತ್ತೀರಿ. ಒಂದರ ಮೇಲೊಂದು ಕಟ್ಟಿದ ಬಲೆಗಳಲ್ಲಿ ದ್ರಾಕ್ಷಿ ಹರಡಿರುತ್ತದೆ. ಹಣ್ಣನ್ನು ದ್ರಾವಣದಲ್ಲಿ ಅದ್ದಿ, ನೆರಳಿನಲ್ಲಿ ಗಾಳಿಗೆ ಎರಡು ವಾರದಷ್ಟು ಬಿಟ್ಟರೆ ಒಣದ್ರಾಕ್ಷಿ ಸಿದ್ಧ. ಹಸಿರು ಹಳದಿಯಾಗಿ, ಹಳದಿ ಜೇನುಬಣ್ಣಕ್ಕೆ ತಿರುಗುವುದನ್ನು ದಿನಕ್ಕೊಂದರಂತೆ ಚಿತ್ರ ತೆಗೆದರೆ ಅದೇ ಒಂದು ವಿಜ್ಞಾನದ ಪಾಠ. ಬರದ ವರ್ಷಗಳಲ್ಲಿ ಇದೇ ಬಳ್ಳಿಗಳನ್ನು ರೈತರು ಟ್ಯಾಂಕರಿನಿಂದ ನೀರು ಹೊಯ್ದು ಉಳಿಸಿಕೊಂಡರು. ಆಮೇಲೆ ತುಬಚಿ-ಬಬಲೇಶ್ವರ ಏತ ನೀರಾವರಿಯ ಮೂಲಕ ಕೃಷ್ಣೆಯ ನೀರು ಈ ಕಡೆಗೆ ಏರಿ ಬಂತು. ಟ್ಯಾಂಕರುಗಳ ಸಾಲನ್ನು ಅಂದು ಯಾರಾದರೂ ಚಿತ್ರ ತೆಗೆದಿಟ್ಟಿದ್ದರೆ ಇಂದು ಅದು ಇತಿಹಾಸ. ತೆಗೆಯುವಾಗ ಅದು ಬರಿಯ ಟ್ಯಾಂಕರೇ ಆಗಿದ್ದೀತು.

ಟಿಕೋಟಾದಿಂದ ದಕ್ಷಿಣಕ್ಕೆ ಹೊರಳಿ ಬಬಲೇಶ್ವರದ ಕಡೆ ಹೋಗುವಾಗ ಡೋಣಿಯ ಕರಿಮಣ್ಣಿನ ಬಯಲು. ಡೋಣಿ ಬೆಳೆದರೆ ಓಣೆಲ್ಲ ಕಾಳು ಎಂದು ಹಿರಿಯರು ಹೇಳುವುದುಂಟು. ಬಿಳಿಜೋಳ ತೆನೆಗಟ್ಟಿದ ಚಳಿಗಾಲದ ಬೆಳಗು ಈ ಬಯಲಿನ ಶ್ರೇಷ್ಠ ಹೊತ್ತೆಂದು ನನ್ನ ಅಭಿಪ್ರಾಯ. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ ಚರಗ ಚೆಲ್ಲುವ ಜನರನ್ನು ಆಗ ಕಾಣಬಹುದು. ಬಬಲೇಶ್ವರ ತಾಲೂಕಿನಲ್ಲಿಯೇ ಮಹಿಪತಿದಾಸರ ಕಾಖಂಡಕಿ ಇದೆ, ಆದಿಲಶಾಹಿ ಕಾಲದ ದೊಡ್ಡ ಕೆರೆಗಳ ಮಮದಾಪುರವಿದೆ. ಕೆರೆ ತುಂಬಿದ ವರ್ಷ ಮಮದಾಪುರದ ಏರಿಯ ಮೇಲೆ ನಿಂತರೆ ಇದು ಬರದ ಜಿಲ್ಲೆಯೆಂದು ನಂಬುವುದು ಕಷ್ಟ.

ಬಬಲೇಶ್ವರ ಮತ್ತು ಟಿಕೋಟಾ ಪ್ರತ್ಯೇಕ ತಾಲೂಕುಗಳಾದದ್ದು 2018ರ ಸುಮಾರಿಗೆ. ಬಿಜಾಪುರ ವಿಜಯಪುರವಾದದ್ದು 2014ರ ನವೆಂಬರ್ 1ರಂದು. ಆದ್ದರಿಂದ ಹಳೆಯ ಅಂಚೆ ಮುದ್ರೆ, ಬಸ್ಸಿನ ಟಿಕೆಟ್ಟು, ಮೀಟರ್‌ಗೇಜ್ ರೈಲಿನ ಕಾಲದ ದಪ್ಪ ರಟ್ಟಿನ ಟಿಕೆಟ್ಟು ಮನೆಯಲ್ಲಿ ಸಿಕ್ಕರೆ ಎಸೆಯಬೇಡಿ. ಅದರ ಮೇಲಿನ ಊರಿನ ಹೆಸರೇ ಈಗ ಹಳೆಯದಾಗಿದೆ. ಇದಕ್ಕಿಂತ ಗಂಭೀರವಾದ ಮಾತೊಂದಿದೆ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಕೊಲ್ಹಾರದಂಥ ಊರುಗಳು ಮುಳುಗಿದವು. ಆ ಊರುಗಳ ಹಳಬರಿಗೆ ತಮ್ಮ ಕಟ್ಟೆ, ಪಡಸಾಲೆ, ಶಾಲೆಯ ಹಂಚು ನೋಡಬೇಕೆಂದರೆ ಮದುವೆಯ ಫೋಟೋಗಳ ಹಿನ್ನೆಲೆಯೇ ಗತಿ. ಮದುಮಕ್ಕಳಿಗಿಂತ ಅವರ ಹಿಂದಿನ ಗೋಡೆಯನ್ನೇ ಹೆಚ್ಚು ಹೊತ್ತು ನೋಡುವವರಿದ್ದಾರೆ.

ಅಂಥ ಚಿತ್ರಗಳು ನಿಮ್ಮ ಮನೆಯ ಟ್ರಂಕಿನಲ್ಲಿಯೂ ಇರಬಹುದು. ಕಪ್ಪು ಬಿಳುಪಿನ ಚಿತ್ರ ಬೆಳ್ಳಿಯ ಕಣಗಳಿಂದ ಆದದ್ದು, ಬಹುಕಾಲ ಬಾಳುತ್ತದೆ. ಎಪ್ಪತ್ತು ಎಂಬತ್ತರ ದಶಕದ ಬಣ್ಣದ ಚಿತ್ರಗಳಲ್ಲಿರುವುದು ವರ್ಣದ್ರವ್ಯ. ಅವು ಕೆಂಪಡರಿ ಮಾಸುತ್ತಿವೆ, ಮೊದಲು ಅವನ್ನೇ ಎತ್ತಿಕೊಳ್ಳಿ. ಅಂಟಿನ ಹಾಳೆಯ ಆಲ್ಬಮ್ಮು ಬೇಡ, ತೇವದ ಗೋಡೆಯ ಮಗ್ಗುಲು ಬೇಡ. ಕಿಟಕಿಯ ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ, ಫೋನಿನಿಂದ ನಕಲು ತೆಗೆದು ಎರಡು ಕಡೆ ಇಡಿ. ನಕಲಾಯಿತೆಂದು ಮೂಲವನ್ನು ಕಳೆಯಬೇಡಿ. ಚಿತ್ರದ ಹಿಂದೆ ಬಾಲ್‌ಪೆನ್ನಿನಿಂದ ಬರೆದರೆ ಶಾಯಿ ಮುಂದಕ್ಕೆ ಒಸರುತ್ತದೆ. ಮೆತ್ತನೆಯ ಪೆನ್ಸಿಲ್ಲಿನಿಂದ ಹಗುರವಾಗಿ ಬರೆಯಿರಿ. ಯಾರು, ಯಾವ ಊರು, ಯಾವ ವರ್ಷ, ಯಾವ ಸಂದರ್ಭ. ಗೊತ್ತಿರುವವರು ಮನೆಯಲ್ಲಿ ಒಬ್ಬರೋ ಇಬ್ಬರೋ ಉಳಿದಿರುತ್ತಾರೆ. ಈ ಭಾನುವಾರ ಮಧ್ಯಾಹ್ನ ಅವರು ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಕುಳಿತಾಗ ಟ್ರಂಕನ್ನು ಹೊರಗೆ ಎಳೆಯಿರಿ, ಮೊದಲ ಚಿತ್ರವನ್ನು ಅವರ ಕೈಗೆ ಕೊಡಿ. ಪೆನ್ಸಿಲ್ಲು ನಿಮ್ಮ ಕೈಯಲ್ಲಿರಲಿ.