ಸೋದರಮಾವನಿಗೆ ಅರ್ಹತೆ ಏನು?



ನಾನು ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟದವನು, ತೆಂಗಿನ ಸೀಮೆಯವನು. ನಮ್ಮಲ್ಲಿ ಮಗುವಿಗೆ ಜವಳ ತೆಗೆಸುವಾಗ ಅಪ್ಪ ಬಂದನಾ ಅಂತ ಯಾರೂ ಕೇಳುವುದಿಲ್ಲ, ಸೋದರಮಾವ ಬಂದನಾ ಅಂತಲೇ ಕೇಳುತ್ತಾರೆ. ಎಡೆಯೂರಿಗೋ ಮನೆದೇವರ ಗುಡಿಗೋ ಹೋಗಿ, ಮಾವ ಚಕ್ಕಳಮಕ್ಕಳ ಹಾಕಿ ಕೂತು, ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಎರಡೂ ಕೈ ಹಿಡಿದುಕೊಳ್ಳಬೇಕು. ಮಗು ಕಿರುಚಿ ಭೂಮಿ ಆಕಾಶ ಒಂದು ಮಾಡುತ್ತದೆ. ಒದ್ದೆ ಕೂದಲು ಮಾವನ ಹೊಸ ಪಂಚೆ ಮೇಲೆ ಬೀಳುತ್ತದೆ. ತಲೆ ಅಲ್ಲಾಡಿದರೆ ಕತ್ತಿ ತಾಗುತ್ತದೆ, ಹಾಗಾಗಿ ಹಿಡಿತ ಗಟ್ಟಿಯಾಗಿಯೂ ಇರಬೇಕು, ಮಗುವಿಗೆ ನೋವಾಗಲೂಬಾರದು. ಕಿವಿ ಚುಚ್ಚುವಾಗಲೂ ಅದೇ ತೊಡೆ. ಹುಡುಗಿ ದೊಡ್ಡವಳಾದರೆ ಹಸಿ ಗರಿ ಕಡಿದು ತಂದು ಗುಡ್ಲು ಹಾಕುವವನೂ ಅವನೇ. ಹೆಸರಿಡುವಾಗ ಮಾತ್ರ ಸೋದರತ್ತೆಯ ಸರದಿ.

ಮುಂಬಯಿಯ ನಮ್ಮ ಈ ಕನ್ನಡ ಸಂಘದಲ್ಲಿ ಮಂಗಳೂರು ಕಡೆಯ ಕ್ರೈಸ್ತ ಬಂಧುಗಳೂ ಇದ್ದೀರಿ. ನಿಮ್ಮಲ್ಲಿ ಮಗುವಿನ ಜ್ಞಾನಸ್ನಾನಕ್ಕೆ ಗಾಡ್‌ಫಾದರ್, ಗಾಡ್‌ಮದರ್ ನಿಲ್ಲುತ್ತಾರೆ. ಯಾರು ನಿಲ್ಲಬಹುದು ಅನ್ನುವುದನ್ನು ಕ್ಯಾಥೊಲಿಕ್ ಸಭೆಯ 1983ರ ಕಾನೂನು ಸಂಹಿತೆ ಬರೆದೇ ಇಟ್ಟಿದೆ. ಸಾಮಾನ್ಯವಾಗಿ 16 ವರ್ಷ ತುಂಬಿರಬೇಕು, ದೃಢೀಕರಣ, ಪರಮಪ್ರಸಾದ ಆಗಿರಬೇಕು, ನಂಬಿಕೆಗೆ ತಕ್ಕ ಬಾಳು ಇರಬೇಕು. ಒಬ್ಬರು ಸಾಕು, ಇಬ್ಬರಾದರೆ ಒಂದು ಗಂಡು ಒಂದು ಹೆಣ್ಣು. ಮಗುವಿನ ಅಪ್ಪ ಅಮ್ಮ ಮಾತ್ರ ಆಗಿರಬಾರದು. ಈ ಕೊನೆಯ ಷರತ್ತು ನನಗೆ ಬಹಳ ಹಿಡಿಸಿತು.

ನಮ್ಮಲ್ಲಿ ಕೇಳುವ ಅರ್ಹತೆ ಒಂದೇ: ತಾಯಿಯ ಅಣ್ಣನೋ ತಮ್ಮನೋ ಆಗಿರುವುದು. ಕುಡಿದು ಬಂದಿರಲಿ, ಅಕ್ಕನ ಮೇಲೇ ಆಸ್ತಿ ಕೇಸು ಹಾಕಿರಲಿ, ತೊಡೆ ಅವನದೇ. ಕಂಸ ಸೋದರಮಾವ, ಶಕುನಿ ಸೋದರಮಾವ. ಪಾಂಡವರು ಕಾಡಿಗೆ ಹೋದಾಗ ಅಭಿಮನ್ಯುವನ್ನು ದ್ವಾರಕೆಯಲ್ಲಿಟ್ಟುಕೊಂಡು ಸಾಕಿದ ಕೃಷ್ಣನೂ ಸೋದರಮಾವನೇ. ಸಂಬಂಧ ನೋಡಿದರೆ ಮೂವರೂ ಒಂದೇ.

ಇನ್ನೊಂದು ಮಾತಿದೆ. ಊರಲ್ಲಿ ಆಡಿದರೆ ಮುಖ ಗಂಟಿಕ್ಕುತ್ತಾರೆ, ಇಲ್ಲಿ ಆಡಿಬಿಡುತ್ತೇನೆ. ತೊಡೆ ಮೇಲೆ ಕೂರಿಸಿಕೊಂಡು ಜವಳ ತೆಗೆಸಿದ ಮಾವನಿಗೇ ಅಕ್ಕನ ಮಗಳನ್ನು ಕೊಡುವ ರೂಢಿ ನಮ್ಮ ಕಡೆ ಇದೆ. 1955ರ ಹಿಂದೂ ವಿವಾಹ ಕಾಯ್ದೆ ಈ ಸಂಬಂಧವನ್ನು ನಿಷೇಧದ ಪಟ್ಟಿಗೆ ಸೇರಿಸಿ, ರೂಢಿ ಇದ್ದವರಿಗೆ ವಿನಾಯಿತಿ ಕೊಟ್ಟಿದೆ. ಚರ್ಚಿನ 1917ರ ಸಂಹಿತೆಯಲ್ಲಾದರೆ ಗಾಡ್‌ಫಾದರ್ ಆದವನು ಆ ಹುಡುಗಿಯನ್ನು ಮುಂದೆ ಮದುವೆಯಾಗುವಂತಿರಲಿಲ್ಲ. 1983ರಲ್ಲಿ ಆ ಕಟ್ಟು ಬಿಟ್ಟರು, ಇಟ್ಟುಕೊಂಡಿದ್ದರೆ ಚೆನ್ನಾಗಿತ್ತು ಅನ್ನುವವನು ನಾನು. ಅಪ್ಪ ಅಮ್ಮನ ಮುಂದೆ ಬಾಯಿ ಬಿಡಲಾಗದ್ದನ್ನು ಹುಡುಗಿ ಮಾವನ ಹತ್ತಿರ ಹೇಳಿಕೊಳ್ಳುತ್ತಾಳೆ. ಅವನೇ ಗಂಡನಾಗಿ ಬಂದು ಕೂತರೆ ಅವಳು ಯಾರ ಹತ್ತಿರ ಹೋಗಬೇಕು?

ಈಗ ನಮ್ಮ ಮುಂಬಯಿ ಮಕ್ಕಳ ವಿಷಯ. ಎಷ್ಟೋ ಮಕ್ಕಳ ತಾಯಿ ಒಬ್ಬಳೇ ಮಗಳು. ಸೋದರಮಾವ ಎನ್ನುವವನೇ ಇಲ್ಲ. ಇದ್ದರೂ ಅವನು ತಿಪಟೂರಿನ ಕೊಬ್ಬರಿ ಮಂಡಿಯಲ್ಲಿರುತ್ತಾನೆ. ಹೋಗಲಿ, ನಾಳೆ ಗಂಡ ಹೆಂಡತಿ ಇಬ್ಬರಿಗೂ ಏನಾದರೂ ಆದರೆ? ಗಾಡ್‌ಫಾದರ್ ಆಗಲಿ, ಮಾವನಾಗಲಿ, ಆ ಪಟ್ಟದಿಂದಲೇ ಕಾನೂನಿನ ಪೋಷಕ ಆಗುವುದಿಲ್ಲ. ಹಿಂದೂ ತಂದೆ ತಾಯಿ ಉಯಿಲಿನಲ್ಲಿ ಮಗುವಿನ ಪೋಷಕರನ್ನು ನೇಮಿಸಲು 1956ರ ಪೋಷಕತ್ವ ಕಾಯ್ದೆಯ 9ನೇ ಕಲಂನಲ್ಲಿ ಅವಕಾಶವಿದೆ. ಎಷ್ಟು ಜನ ಬರೆದಿದ್ದೀರಿ? ಫ್ಲ್ಯಾಟಿಗೆ ನಾಮಿನಿ ಹಾಕಿದ್ದೇವೆ, ಎಫ್‌ಡಿಗೆ ಹಾಕಿದ್ದೇವೆ, ಮಗುವಿನ ಪಾಲಿಗೆ ಯಾರೂ ಇಲ್ಲ.

ಅದಕ್ಕೇ ಒಂದು ಬೇಡಿಕೆ. ನಮ್ಮ ಸಂಘದಲ್ಲಿ ಮಕ್ಕಳಿಗೆ ಸೋದರಮಾವನ ಹಾಗೆ ನಿಲ್ಲಲು ಮನಸ್ಸಿರುವ ದೊಡ್ಡವರ ಪಟ್ಟಿ ಮಾಡೋಣ. ಜಾತಿ ಬೇಡ, ಜಿಲ್ಲೆ ಬೇಡ, ಮಾವ ಆದರೂ ಸರಿ, ಅತ್ತೆ ಆದರೂ ಸರಿ. ರಾತ್ರಿ ಹನ್ನೊಂದಕ್ಕೆ ಹುಡುಗ ಫೋನ್ ಮಾಡಿದರೆ ಎತ್ತಬೇಕು. ಜೀವಕ್ಕೆ ಕುತ್ತು ತರುವ ಸಂಗತಿಯಾದರೆ ಮನೆಯವರಿಗೆ ತಿಳಿಸಬೇಕು, ಉಳಿದದ್ದಕ್ಕೆಲ್ಲ ಬೆಳಿಗ್ಗೆ ಎದ್ದು ಅಪ್ಪನ ಹತ್ತಿರ ಚಾಡಿ ಹೇಳಬಾರದು. ನಾನು ಬರೆಯುವ ಅರ್ಹತೆ ಇಷ್ಟೇ. ಊಟಕ್ಕೆ ಏಳುವ ಮೊದಲು ಕಾರ್ಯದರ್ಶಿಗಳ ಹತ್ತಿರ ಹೆಸರು ಬರೆಸಿ. ಹತ್ತು ವರ್ಷ ದಾಟಿದ ಮಕ್ಕಳಿಗೆ ಯಾರು ಬೇಕು ಅನ್ನುವುದನ್ನು ನಾವು ಹೇಳುವುದು ಬೇಡ, ಪಟ್ಟಿ ಅವರ ಕೈಗೇ ಕೊಡೋಣ.